ಕೆಸರೇ ಕಾವಲಾಗಿದ್ದ ಕೋಟೆ

1859ರ ಜೂನ್ 25ರ ಮಧ್ಯಾಹ್ನ. ಉತ್ತರ ಚೀನಾದ ಹಾಯ್ ನದಿ ಬೋಹಾಯ್ ಕೊಲ್ಲಿಯನ್ನು ಸೇರುವ ಅಳಿವೆಯಲ್ಲಿ ಬ್ರಿಟಿಷ್ ನೌಕಾಪಡೆಯ ಗನ್‌ಬೋಟುಗಳು ಸಾಲುಗಟ್ಟಿ ನಿಂತಿದ್ದವು. ನದಿಯ ಎರಡೂ ದಡದಲ್ಲಿ ಮಣ್ಣುದಿಬ್ಬಗಳಂತೆ ಕಾಣುತ್ತಿದ್ದುದು ದಾಗು ಕೋಟೆಗಳು. ಅಲ್ಲಿ ಬಾವುಟ ಹಾರುತ್ತಿರಲಿಲ್ಲ, ಕಾವಲಿನವರ ಸುಳಿವಿರಲಿಲ್ಲ. ತೋಪಿನ ಕಿಂಡಿಗಳಿಗೆಲ್ಲ ಚಾಪೆ ಇಳಿಬಿಟ್ಟಿದ್ದರು. ಕೋಟೆಯಲ್ಲಿ ಹೇಳಿಕೊಳ್ಳುವಷ್ಟು ಜನವಿಲ್ಲ ಎಂದೇ ಹಡಗಿನವರ ಅಂದಾಜು. ನದಿಗೆ ಅಡ್ಡಲಾಗಿ ನೆಟ್ಟಿದ್ದ ಕಬ್ಬಿಣದ ಗೂಟಗಳನ್ನೂ, ಅದರಾಚೆ ಮರದ ದಿಮ್ಮಿಗಳನ್ನು ಸರಪಳಿಯಿಂದ ಬಿಗಿದು ಕಟ್ಟಿದ್ದ ತಡೆಯನ್ನೂ ಕಿತ್ತು ಹಾಕಿದರೆ ತಿಯಾನ್‌ಜಿನ್ ನಗರದ ದಾರಿ ತೆರೆದಂತೆ ಎಂದು ಅಡ್ಮಿರಲ್ ಜೇಮ್ಸ್ ಹೋಪ್ ಲೆಕ್ಕ ಹಾಕಿದ್ದ.

ಎರಡೂವರೆ ಗಂಟೆಯ ಸುಮಾರಿಗೆ ಚಾಪೆಗಳೆಲ್ಲ ಒಟ್ಟಿಗೇ ಮೇಲೆದ್ದವು.

ಹಿಂದಿದ್ದ ತೋಪುಗಳು ಗುರಿಯಿಟ್ಟು ಕಾದಿದ್ದವು. ಹೋಪ್ ಇದ್ದ 'ಪ್ಲೋವರ್' ನುಚ್ಚುನೂರಾಗಿ ಅದರ ನಾಯಕ ಸತ್ತ, ಹೋಪ್‌ಗೂ ಗಾಯವಾಯಿತು. ಅವನು ಇನ್ನೊಂದು ಹಡಗಿಗೆ ದಾಟಿಕೊಂಡ, ಆಮೇಲೆ ಮತ್ತೊಂದಕ್ಕೆ. 'ಲೀ' ಮುಳುಗಿತು, 'ಕೆಸ್ಟ್ರೆಲ್' ಮುಳುಗಿತು. ಹಿಂದಿನ ವರ್ಷ ಇದೇ ಅಳಿವೆಯಲ್ಲಿ ಬಿದಿರಿನ ಹಗ್ಗದ ತಡೆಯನ್ನು ಗುದ್ದಿ ಹರಿದು ಹೆಸರು ಮಾಡಿದ್ದ 'ಕಾರ್ಮೊರಂಟ್' ಕೂಡ ಇಲ್ಲೇ ಕೊನೆಗೊಂಡಿತು. ಅಮೆರಿಕ ಈ ಜಗಳದಲ್ಲಿ ತಟಸ್ಥ ದೇಶ. ಆದರೆ ಅಲ್ಲಿದ್ದ ಅಮೆರಿಕನ್ ಕಮೊಡೋರ್ ಜೊಸೈಯ ಟಾಟ್ನಲ್ ನೀರಿಗಿಂತ ರಕ್ತವೇ ಗಟ್ಟಿ ಎಂದು ಹೇಳಿ ಬ್ರಿಟಿಷರ ದೋಣಿಗಳನ್ನು ತನ್ನ ಹಡಗಿನಿಂದ ಎಳೆದುಕೊಟ್ಟ. ಅದರಿಂದಲೂ ಏನೂ ಆಗಲಿಲ್ಲ.

ಸಂಜೆ ಏಳರ ಹೊತ್ತಿಗೆ ಹೋಪ್ ಕೊನೆಯ ದಾಳ ಉರುಳಿಸಿದ. ದಕ್ಷಿಣ ದಡದ ಕೋಟೆಯನ್ನು ಏಣಿ ಹಾಕಿ ಹತ್ತಲು ಸೈನಿಕರನ್ನು ದೋಣಿಗಳಲ್ಲಿ ಕಳಿಸಿದ. ಅಷ್ಟರಲ್ಲಿ ಇಳಿತ ಶುರುವಾಗಿತ್ತು. ದೋಣಿಗಳು ನಿಂತಲ್ಲಿಂದ ಕೋಟೆಯ ಬುಡದವರೆಗೆ ಬರೀ ಕೆಸರು. ಇಳಿದವರ ಕಾಲು ಮೊದಲು ಮೊಣಕಾಲಿನವರೆಗೆ, ಆಮೇಲೆ ಸೊಂಟದವರೆಗೆ ಹೂತುಹೋಯಿತು. ಬಂದೂಕಿನ ಮದ್ದು ಒದ್ದೆಯಾಯಿತು, ಏಣಿಗಳು ಕೈತಪ್ಪಿದವು. ಮೂರು ಕಂದಕಗಳಲ್ಲಿ ಕೊನೆಯದರ ತನಕ ತಲುಪಿದವರು ಐವತ್ತು ಮಂದಿ ಇದ್ದರೇನೋ. ಆ ದಿನ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ನಾನೂರು ದಾಟಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ನೌಕಾಪಡೆಯೊಂದು ಏಷ್ಯಾದ ಕರಾವಳಿಯಲ್ಲಿ ಹೀಗೆ ಏಟು ತಿಂದು ಹಿಂದೆ ಸರಿದದ್ದು ಅಪರೂಪ. ಚೀನೀ ತೋಪುಗಳು ಚೆನ್ನಾಗಿಯೇ ಕೆಲಸ ಮಾಡಿದವು, ಅದರಲ್ಲಿ ಎರಡು ಮಾತಿಲ್ಲ. ಆದರೂ ದಾಗುವಿನ ಕಥೆಯನ್ನು ಬರೀ ತೋಪು, ಗೋಡೆಗಳ ಲೆಕ್ಕದಲ್ಲಿ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧ ಕೋಟೆಯ ಮುಂದೆ ಹರಡಿಕೊಂಡಿದ್ದ ಕೆಸರಿನಲ್ಲಿದೆ.

ಬೋಹಾಯ್ ಕೊಲ್ಲಿ ಆಳವಿಲ್ಲದ ಸಮುದ್ರ. ಅದರ ಪಶ್ಚಿಮ ದಡದಲ್ಲಿ ನೆಲ ನೀರಿನೊಳಗೆ ಇಳಿಯುವುದು ಎಷ್ಟು ನಿಧಾನವೆಂದರೆ, ಒಂದು ಕಿಲೋಮೀಟರ್ ಮುಂದೆ ಹೋದರೂ ಆಳ ಹೆಚ್ಚುವುದು ಒಂದು ಮೀಟರ್ ಆಸುಪಾಸು. ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ಸರಾಸರಿ ವ್ಯತ್ಯಾಸ ಸುಮಾರು ಎರಡೂವರೆ ಮೀಟರ್. ಇವೆರಡನ್ನೂ ಕೂಡಿಸಿ ನೋಡಿದರೆ ಚಿತ್ರ ತಾನೇ ಮೂಡುತ್ತದೆ. ದಿನಕ್ಕೆರಡು ಬಾರಿ ಸಮುದ್ರ ಕಿಲೋಮೀಟರುಗಟ್ಟಲೆ ಹಿಂದೆ ಸರಿದು ಕೆಸರಿನ ಬಯಲನ್ನು ಬಿಟ್ಟುಹೋಗುತ್ತದೆ. ದೊಡ್ಡ ಯುದ್ಧನೌಕೆಗಳು ದಡದಿಂದ ಹದಿನೈದು ಕಿಲೋಮೀಟರಿನಷ್ಟು ಆಚೆಯೇ ಲಂಗರು ಹಾಕಬೇಕಿತ್ತು. ಅಳಿವೆಯ ಬಾಯಲ್ಲಿ ಹೂಳಿನ ದಂಡೆಯೊಂದು ಬೇರೆ ಅಡ್ಡ ಮಲಗಿತ್ತು. ಅದನ್ನು ದಾಟಲು ತಳ ಚಪ್ಪಟೆಯಾದ ಚಿಕ್ಕ ಹಡಗುಗಳಿಗೆ ಮಾತ್ರ ಸಾಧ್ಯ, ಅವಕ್ಕೂ ಉಬ್ಬರದ ಹೊತ್ತೇ ಬೇಕು. ಸಾಗರಗಳನ್ನು ಆಳುತ್ತಿದ್ದ ನೌಕಾಪಡೆ ಇಲ್ಲಿ ತನ್ನ ಭಾರೀ ಹಡಗುಗಳನ್ನು ಬದಿಗಿಟ್ಟು ಪುಟ್ಟ ದೋಣಿಗಳಲ್ಲಿ ಯುದ್ಧಕ್ಕೆ ಬರಬೇಕಾಯಿತು.

ಇಷ್ಟೊಂದು ಕೆಸರು ಎಲ್ಲಿಂದ ಬಂತು? ಚೀನಾದ ಒಳನಾಡಿನಲ್ಲಿ ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ ಹಳದಿ ದೂಳುಮಣ್ಣಿನ ಪ್ರಸ್ಥಭೂಮಿಯಿದೆ. ಮಳೆ ಬಿದ್ದರೆ ಕರಗುವ ಈ ಮಣ್ಣನ್ನು ಹಳದಿ ನದಿ ಸಮುದ್ರಕ್ಕೆ ಸಾಗಿಸುತ್ತದೆ. ತಿಯಾನ್‌ಜಿನ್‌ನಲ್ಲಿ ಹಾಯ್ ನದಿಯನ್ನು ಸೇರುವ ಯೋಂಗ್‌ದಿಂಗ್ ನದಿಯೂ ಇದೇ ಜಾತಿಯ ಮಣ್ಣು ತರುತ್ತದೆ. ಹಳದಿ ನದಿಯದು ಚಂಚಲ ಸ್ವಭಾವ, ಹಾಸಿಗೆ ಬದಲಿಸುವುದರಲ್ಲಿ ಅದನ್ನು ಮೀರಿಸುವ ನದಿ ಕಡಿಮೆ. 1048ರಿಂದ ಕೆಲವು ದಶಕ ಅದು ತಿಯಾನ್‌ಜಿನ್ ಹತ್ತಿರವೇ ಸಮುದ್ರ ಸೇರುತ್ತಿತ್ತು. 1128ರ ನಂತರ ದಕ್ಷಿಣಕ್ಕೆ ಹೊರಳಿತು, 1855ರಲ್ಲಿ ಮತ್ತೆ ಉತ್ತರಕ್ಕೆ ತಿರುಗಿ ಬೋಹಾಯ್‌ಗೆ ಬಂತು. ನದಿಯ ಬಾಯಿ ಹತ್ತಿರವಿದ್ದಾಗಲೆಲ್ಲ ಹೂಳು ಸುರಿದು ದಡ ಸಮುದ್ರದೊಳಕ್ಕೆ ಬೆಳೆಯುತ್ತದೆ. ನದಿ ದೂರ ಹೋದಾಗ ಹೂಳು ನಿಲ್ಲುತ್ತದೆ, ಅಲೆಗಳು ನುಣ್ಣನೆಯ ಮಣ್ಣನ್ನು ತೊಳೆದುಬಿಟ್ಟು ಚಿಪ್ಪುಗಳನ್ನು ಮಾತ್ರ ದಡಕ್ಕೆ ಒತ್ತಿ ಉದ್ದನೆಯ ದಿಣ್ಣೆ ಕಟ್ಟುತ್ತವೆ. ತಿಯಾನ್‌ಜಿನ್ ಸುತ್ತ ಇಂಥ ಚಿಪ್ಪಿನ ದಿಣ್ಣೆಗಳು ಒಂದರ ಹಿಂದೊಂದು, ಕರಾವಳಿಗೆ ಸಮಾನಾಂತರವಾಗಿ ಒಳನಾಡಿನವರೆಗೂ ಇವೆ. ಒಂದೊಂದು ದಿಣ್ಣೆಯೂ ಒಂದು ಕಾಲದ ಸಮುದ್ರತೀರ. ಚಿಪ್ಪಿನಲ್ಲಿರುವ ಇಂಗಾಲದಿಂದ ಕಾಲ ನಿರ್ಣಯ ಮಾಡಿ ಭೂವಿಜ್ಞಾನಿಗಳು ಕೆಲವು ಸಾವಿರ ವರ್ಷಗಳಲ್ಲಿ ದಡ ಸಮುದ್ರದತ್ತ ಸರಿದುಬಂದ ಬಗೆಯನ್ನು ಗುರುತಿಸಿದ್ದಾರೆ.

ಈ ಕೆಸರು ಕಾಲು ಹಿಡಿಯುವ ಬಗೆಯೂ ಸ್ವಾರಸ್ಯಕರ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಇಳಿದವರಿಗೆ ಇದರ ರುಚಿ ಗೊತ್ತು: ಕಾಲು ಇಳಿಸುವುದು ಸುಲಭ, ಕೀಳುವುದೇ ಕಷ್ಟ. ಜೇಡಿಯ ಕಣಗಳು ತಗಡಿನ ಚೂರುಗಳಂತೆ ಚಪ್ಪಟೆ, ಒಂದಕ್ಕೊಂದು ಆತುಕೊಂಡು ನಡುವಿನ ಸಂದುಗಳಲ್ಲಿ ಬೇಕಾದಷ್ಟು ನೀರು ಹಿಡಿದಿಟ್ಟುಕೊಳ್ಳುತ್ತವೆ. ಸುಮ್ಮನಿದ್ದಾಗ ಈ ಜೋಡಣೆ ಒಂದಿಷ್ಟು ಗಟ್ಟಿಯಾಗಿಯೇ ಇರುತ್ತದೆ. ಕಾಲಿಟ್ಟು ಕಲಕಿದೊಡನೆ ಜೋಡಣೆ ಮುರಿದು ಕೆಸರು ಅಂಬಲಿಯಾಗುತ್ತದೆ. ಕಾಲು ಮೇಲೆತ್ತುವಾಗ ಅಡಿಗಾಲಿನ ಕೆಳಗೆ ಖಾಲಿ ಜಾಗ ಉಂಟಾಗಬೇಕು, ಆದರೆ ಕೆಸರಿನ ಸಂದುಗಳು ಅತಿ ಸಣ್ಣವಾದ್ದರಿಂದ ಅಲ್ಲಿಗೆ ಗಾಳಿಯಾಗಲಿ ನೀರಾಗಲಿ ಬೇಗ ನುಗ್ಗದು. ಕೆಳಗೆ ಒತ್ತಡ ಕುಸಿಯುತ್ತದೆ, ಮೇಲಿನ ವಾಯುಮಂಡಲದ ಒತ್ತಡ ಕಾಲನ್ನು ಒಳಕ್ಕೇ ಅದುಮುತ್ತದೆ. ಜೋರಾಗಿ ಎಳೆದಷ್ಟೂ ಹಿಡಿತ ಬಿಗಿ. ಬೂಟು, ಬಂದೂಕು, ಏಣಿ ಹೊತ್ತ ಸೈನಿಕ ಗುಂಡಿನ ಮಳೆಯಲ್ಲಿ ನಿಧಾನವಾಗಿ ಕಾಲು ತಿರುವಿ ತಿರುವಿ ಎತ್ತುತ್ತ ನಿಲ್ಲಲು ಸಾಧ್ಯವೇ?

ಹಾಯ್ ನದಿ ಅಷ್ಟೇನೂ ದೊಡ್ಡದಲ್ಲ. ಆದರೆ ಅದರ ಅಳಿವೆಯಿಂದ ಸುಮಾರು 60 ಕಿಲೋಮೀಟರ್ ಒಳಗೆ ತಿಯಾನ್‌ಜಿನ್ ಇದೆ, ಅಲ್ಲಿಂದ ರಾಜಧಾನಿ ಬೀಜಿಂಗ್‌ಗೆ ಸುಮಾರು 120 ಕಿಲೋಮೀಟರ್. ದಕ್ಷಿಣದಿಂದ ರಾಜಧಾನಿಗೆ ಧಾನ್ಯ ತರುತ್ತಿದ್ದ ಮಹಾಕಾಲುವೆ ಹಾದುಹೋಗುವುದೂ ತಿಯಾನ್‌ಜಿನ್ ಮೂಲಕವೇ. ಹಾಗಾಗಿ ಈ ಅಳಿವೆಯನ್ನು ಹಿಡಿದವರಿಗೆ ರಾಜಧಾನಿಯ ಬಾಗಿಲೂ ಸಿಕ್ಕಿತು, ಅನ್ನದ ಚೀಲವೂ ಸಿಕ್ಕಿತು. ಮಿಂಗ್ ದೊರೆಗಳು ಹದಿನಾರನೆಯ ಶತಮಾನದಲ್ಲಿ ಕಡಲ್ಗಳ್ಳರ ಕಾಟ ತಡೆಯಲು ಇಲ್ಲಿ ಕಾವಲು ಹಾಕಿದ್ದರು. ಚಿಂಗ್ ಸಾಮ್ರಾಜ್ಯ 1816ರಲ್ಲಿ ನದಿಯ ಎರಡೂ ಬದಿ ಒಂದೊಂದು ಕೋಟೆ ಕಟ್ಟಿತು. ಮೊದಲನೆಯ ಅಫೀಮು ಯುದ್ಧದಲ್ಲಿ ಬ್ರಿಟಿಷ್ ಹಡಗುಗಳು ಈ ಅಳಿವೆಯ ತನಕ ಬಂದು ಹೋದ ಮೇಲೆ ಕೋಟೆಗಳ ಸಂಖ್ಯೆಯೂ ತೋಪುಗಳ ಸಂಖ್ಯೆಯೂ ಹೆಚ್ಚಿತು. ಆ ಯುದ್ಧದ ಮೂಲದಲ್ಲಿದ್ದ ಅಫೀಮು ಭಾರತದ ಹೊಲಗಳಲ್ಲಿ ಬೆಳೆದದ್ದು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ.

ಎರಡನೆಯ ಅಫೀಮು ಯುದ್ಧದಲ್ಲಿ, 1858ರ ಮೇ 20ರಂದು, ಬ್ರಿಟಿಷ್ ಮತ್ತು ಫ್ರೆಂಚ್ ಹಡಗುಗಳು ದಾಗುವನ್ನು ಬೇಗನೆ ಗೆದ್ದುಕೊಂಡವು. ಜೂನ್‌ನಲ್ಲಿ ತಿಯಾನ್‌ಜಿನ್ ಒಪ್ಪಂದಕ್ಕೆ ಸಹಿಯೂ ಬಿತ್ತು. ಅದನ್ನು ಮುಂದಿನ ವರ್ಷ ಬೀಜಿಂಗ್‌ನಲ್ಲಿ ಅಂತಿಮಗೊಳಿಸಬೇಕಿತ್ತು. ಆ ಒಂದು ವರ್ಷದಲ್ಲಿ ಕೋಟೆಯ ಹೊಣೆ ಬಿದ್ದದ್ದು ಮಂಗೋಲ್ ರಾಜಕುಮಾರ, ಸೇನಾನಿ ಸೆಂಗ್ಗೆರಿಂಚೆನ್ ಮೇಲೆ.

ಸೆಂಗ್ಗೆರಿಂಚೆನ್ ಸೋಲಿನಿಂದ ಪಾಠ ಕಲಿತವನು. ಐದು ದೊಡ್ಡ ಕೋಟೆಗಳನ್ನು ಹೊಸದಾಗಿ ಎಬ್ಬಿಸಿ ವೇಯ್, ಜೆನ್, ಹಾಯ್, ಮೆನ್, ಗಾವ್ ಎಂದು ಒಂದೊಂದಕ್ಕೆ ಒಂದೊಂದು ಅಕ್ಷರದ ಹೆಸರಿಟ್ಟ. ಉತ್ತರ ದಡದಲ್ಲಿ ಷಿತೌಫೆಂಗ್ ಎಂಬ ಆರನೆಯದೂ ಇತ್ತು. ಒಳಗೆ ಮರ ಮತ್ತು ಇಟ್ಟಿಗೆಯ ಕಟ್ಟಡ, ಹೊರಗೆ ಎರಡು ಅಡಿಗೂ ದಪ್ಪನಾಗಿ ಕುಟ್ಟಿ ಕೂರಿಸಿದ ಸುಣ್ಣ, ಜೇಡಿ, ಮರಳಿನ ಮಿಶ್ರಣದ ಹೊದಿಕೆ. ನೋಡಲು ಒಡ್ಡೊಡ್ಡಾಗಿ ಕಾಣುವ ಈ ಗೋಡೆಯಲ್ಲಿ ಒಳ್ಳೆಯ ಎಂಜಿನಿಯರಿಂಗ್ ಅಡಗಿತ್ತು. ಕಲ್ಲು ಅಥವಾ ಬರೀ ಇಟ್ಟಿಗೆಯ ಗೋಡೆಗೆ ಗುಂಡು ಬಿದ್ದರೆ ಬಿರುಕು ಸರಸರನೆ ಓಡುತ್ತದೆ, ಚೂರುಗಳು ಸಿಡಿಯುತ್ತವೆ, ಆ ಚೂರುಗಳೇ ಗುಂಡಿಗಿಂತ ಹೆಚ್ಚು ಜನರನ್ನು ಕೊಲ್ಲುತ್ತವೆ. ಕುಟ್ಟಿದ ಮಣ್ಣು ಹಾಗಲ್ಲ. ಕಣಗಳು ಒಂದರ ಮೇಲೊಂದು ಜರುಗಿ ಉಜ್ಜಿಕೊಳ್ಳುವುದರಲ್ಲೇ ಗುಂಡಿನ ಶಕ್ತಿ ಕರಗಿಹೋಗಿ ಗೋಡೆಯಲ್ಲಿ ಒಂದು ಗುಳಿ ಉಳಿಯುತ್ತದೆ, ಅಷ್ಟೆ. ಇದೇ ಪಾಠವನ್ನು ಅಮೆರಿಕನ್ನರು ಕಲಿತದ್ದು 1862ರಲ್ಲಿ. ಜಾರ್ಜಿಯಾ ಕರಾವಳಿಯ ಪುಲಾಸ್ಕಿ ಕೋಟೆಯ ದಪ್ಪ ಇಟ್ಟಿಗೆ ಗೋಡೆಗಳು ಹೊಸ ಬಗೆಯ ತೋಪುಗಳೆದುರು 30 ಗಂಟೆಯೂ ನಿಲ್ಲಲಿಲ್ಲ. ಆಮೇಲೆ ಅಲ್ಲಿನ ಎಂಜಿನಿಯರುಗಳೂ ಮಣ್ಣು, ಮರಳಿನತ್ತ ತಿರುಗಿದರು.

ಚೀನೀ ಗಾರೆಯ ರಸಾಯನಶಾಸ್ತ್ರಕ್ಕೆ ಒಂದು ಅಡ್ಡಮಾತು ಸಲ್ಲುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನಕ್ಕೆ ಮತ್ತೆ ಸುಣ್ಣಕಲ್ಲಾಗುತ್ತದೆ. ಚೀನಾದ ಕಟ್ಟಡಗಾರರು ಮುಖ್ಯವಾದ ಕೆಲಸಗಳಲ್ಲಿ ಈ ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರು. ಅದರಿಂದ ಏನು ಉಪಯೋಗ ಎಂಬುದನ್ನು ಜೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಅಕ್ಕಿಯ ಪಿಷ್ಟದಲ್ಲಿರುವ ಅಮೈಲೊಪೆಕ್ಟಿನ್ ಎಂಬ ಕವಲೊಡೆದ ಅಣು ಸುಣ್ಣದ ಹರಳುಗಳು ಬೇಕಾಬಿಟ್ಟಿ ದೊಡ್ಡದಾಗದಂತೆ ತಡೆಯುತ್ತದೆ. ಹರಳುಗಳು ಸಣ್ಣದಾಗಿ, ಒತ್ತೊತ್ತಾಗಿ ಬೆಳೆದು ಗಾರೆ ಗಟ್ಟಿಯಾಗುತ್ತದೆ. ನಮ್ಮ ಹಳೆಯ ಗಾರೆಯವರು ಸುಣ್ಣಕ್ಕೆ ಬೆಲ್ಲದ ನೀರು ಹಾಕುತ್ತಿದ್ದುದನ್ನು ಕೇಳಿದವರಿಗೆ ಇದು ತೀರ ಹೊಸದೆನಿಸಲಾರದು.

1859ರಲ್ಲಿ ಗೆದ್ದದ್ದು ಈ ಗೋಡೆಗಳು ಮತ್ತು ಆ ಕೆಸರು. ವಿಚಿತ್ರವೆಂದರೆ ಆ ಕದನ ತಪ್ಪಿಸಬಹುದಿತ್ತು. ಒಪ್ಪಂದ ಅಂತಿಮಗೊಳಿಸಲು ಬಂದ ರಾಯಭಾರಿಗಳು ದಾಗುವಿನ ಬದಲು ಉತ್ತರಕ್ಕೆ ಕೊಂಚ ದೂರದಲ್ಲಿದ್ದ ಬೇಯ್‌ತಾಂಗ್‌ನಲ್ಲಿ ಇಳಿದು ಬೀಜಿಂಗ್‌ಗೆ ಬರಲಿ ಎಂದು ಚೀನೀಯರು ಹೇಳಿದ್ದರು. ಅಮೆರಿಕದ ರಾಯಭಾರಿ ಜಾನ್ ವಾರ್ಡ್ ಆ ದಾರಿಯಲ್ಲೇ ಹೋಗಿ ಬಂದ. ಚಕ್ರವರ್ತಿಗೆ ಅಡ್ಡಬೀಳಲು ಒಪ್ಪದ್ದರಿಂದ ದರ್ಶನ ಸಿಗಲಿಲ್ಲ, ಆದರೆ ಒಪ್ಪಂದದ ಕಾಗದ ಬೇಯ್‌ತಾಂಗ್‌ನಲ್ಲೇ ಕೈ ಬದಲಾಯಿಸಿತು. ಬ್ರಿಟಿಷರಿಗೆ ಮಾತ್ರ ಮುಂಬಾಗಿಲೇ ಬೇಕಿತ್ತು.

ಮರುವರ್ಷ ಅವರೂ ಬೇಯ್‌ತಾಂಗ್ ದಾರಿ ಹಿಡಿದರು, ಈ ಸಲ ದೊಡ್ಡ ಸೈನ್ಯದೊಂದಿಗೆ. 1860ರ ಆಗಸ್ಟ್ 1ರಂದು ಜನರಲ್ ಹೋಪ್ ಗ್ರಾಂಟ್‌ನ ಬ್ರಿಟಿಷ್ ಪಡೆ ಮತ್ತು ಜನರಲ್ ಕುಸಾಂ-ಮೊಂಟೊಬಾನ್‌ನ ಫ್ರೆಂಚ್ ಪಡೆ ಅಲ್ಲಿ ಇಳಿಯಲು ಶುರುಮಾಡಿದವು. ಸೆಂಗ್ಗೆರಿಂಚೆನ್ ಬೇಯ್‌ತಾಂಗ್ ಅನ್ನು ಖಾಲಿ ಬಿಟ್ಟಿದ್ದ. ಅಲ್ಲಿನ ಕೋಟೆಯಲ್ಲಿ ಸಿಕ್ಕಿದ್ದು ಮರದ ಸುಳ್ಳು ತೋಪುಗಳು. ಕೆಸರಿಗೆ ಮಾತ್ರ ಇಲ್ಲೂ ಬರವಿರಲಿಲ್ಲ. ಸೇನೆಯ ದುಭಾಷಿ ರಾಬರ್ಟ್ ಸ್ವಿನ್‌ಹೋ ಬರೆದಿಟ್ಟ ವಿವರದಲ್ಲಿ ಒಬ್ಬ ಬ್ರಿಗೇಡಿಯರ್ ಇದ್ದಾನೆ. ಪ್ಯಾಂಟು, ಬೂಟು, ಕಾಲುಚೀಲ ಎಲ್ಲ ಬಿಚ್ಚಿ ಕತ್ತಿಗೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತುಕೊಂಡು, ಬರಿಗಾಲಲ್ಲಿ ಕೆಸರು ತುಳಿಯುತ್ತ ತನ್ನ ಸೈನಿಕರ ಮುಂದೆ ನಡೆದವನು. ಯಾವ ಗುಂಡೂ ಹಾರದ ಕಡೆ ಇಳಿದರೂ ಇದು ಗತಿ. ಕೋಲ್ಕತ್ತದಲ್ಲಿ ಹುಟ್ಟಿದ ಈ ಸ್ವಿನ್‌ಹೋ ಮುಂದೆ ಚೀನಾದ ಹಕ್ಕಿಗಳ ಅಧ್ಯಯನದಿಂದ ದೊಡ್ಡ ಹೆಸರು ಪಡೆದ.

ಬಂದ ಸೈನ್ಯದಲ್ಲಿ ಭಾರತದ ಪಡೆಗಳು ಗಣನೀಯವಾಗಿದ್ದವು: ಪಂಜಾಬಿನ ಕಾಲಾಳುಗಳು, ಸಿಖ್ ಕುದುರೆ ಸವಾರರು, ಜೊತೆಗೆ ಮದ್ರಾಸ್ ಸ್ಯಾಪರ್ಸ್. ಈ ಸ್ಯಾಪರ್‌ಗಳ ಕೇಂದ್ರ ಆಗಲೇ ಬೆಂಗಳೂರಿನಲ್ಲಿತ್ತು. ಹಲಸೂರು ಕೆರೆಯ ಪಕ್ಕದಲ್ಲಿ ಇವತ್ತು ಎಂಇಜಿ ಎಂದು ಕರೆಯುವುದು ಅದನ್ನೇ. ರಸ್ತೆ ಹಾಕುವುದು, ಸೇತುವೆ ಕಟ್ಟುವುದು, ಕಂದಕ ದಾಟಿಸುವುದು ಇವರ ಕಸುಬು. ಕಾಲುವೆ, ಕೆಸರು, ಉಪ್ಪಿನ ಗದ್ದೆಗಳೇ ತುಂಬಿದ್ದ ಬೇಯ್‌ತಾಂಗ್‌ನಿಂದ ದಾಗುವಿನವರೆಗಿನ ನೆಲದಲ್ಲಿ ಭಾರದ ತೋಪುಗಳನ್ನು ಎಳೆದು ತರಬೇಕಾದರೆ ಇಂಥವರು ಬೇಕೇ ಬೇಕು. 'ಟಾಕು ಫೋರ್ಟ್ಸ್' ಎಂಬ ಯುದ್ಧಗೌರವ ಮದ್ರಾಸ್ ಸ್ಯಾಪರ್ಸ್ ಪಟ್ಟಿಗೆ ಸೇರಿದ್ದು ಹೀಗೆ. ದಾಗುವನ್ನು ಆಗಿನ ಇಂಗ್ಲಿಷ್ ದಾಖಲೆಗಳು ಟಾಕು ಎಂದೇ ಬರೆಯುತ್ತಿದ್ದವು.

ಕೋಟೆಯ ಬೆನ್ನಿಗೆ ಬಂದ ಮೇಲೆ ಇಬ್ಬರು ಜನರಲ್‌ಗಳಿಗೂ ಜಗಳವಾಯಿತು. ದೊಡ್ಡ ಕೋಟೆಗಳಿರುವ ದಕ್ಷಿಣ ದಡವನ್ನೇ ಮೊದಲು ಹಿಡಿಯೋಣ ಎಂದು ಮೊಂಟೊಬಾನ್ ಪಟ್ಟು ಹಿಡಿದ, ಲಿಖಿತ ಆಕ್ಷೇಪವನ್ನೂ ಕೊಟ್ಟ. ಗ್ರಾಂಟ್‌ನ ಕಣ್ಣು ಮಾತ್ರ ಉತ್ತರ ದಡದಲ್ಲಿ ಒಳಗಿದ್ದ ಚಿಕ್ಕ ಕೋಟೆಯಾದ ಷಿತೌಫೆಂಗ್ ಮೇಲಿತ್ತು. ಅಲ್ಲಿ ತೋಪು ಇಟ್ಟರೆ ಉಳಿದ ಕೋಟೆಗಳ ಪಕ್ಕೆ, ಬೆನ್ನುಗಳಿಗೆ ಗುಂಡು ಹೊಡೆಯಬಹುದು. ದಾಗುವಿನ ಮುಖವೆಲ್ಲ ಸಮುದ್ರಕ್ಕಿತ್ತು. ಗಟ್ಟಿ ಗೋಡೆ, ಭಾರಿ ತೋಪುಗಳು ಆ ಕಡೆಗೇ. ಗ್ರಾಂಟ್‌ನ ಮಾತೇ ನಡೆಯಿತು.

ಆಗಸ್ಟ್ 21ರ ಬೆಳಗ್ಗೆ ತೋಪುಗಳ ಮೊಳಗು ಶುರುವಾಯಿತು. ಅವುಗಳಲ್ಲಿ ಆರ್ಮ್‌ಸ್ಟ್ರಾಂಗ್ ತೋಪುಗಳೂ ಇದ್ದವು. ಆ ತೋಪು ಮೊದಲ ಬಾರಿ ಯುದ್ಧ ಕಂಡದ್ದು ಈ ದಂಡಯಾತ್ರೆಯಲ್ಲಿ. ಹಳೆಯ ತೋಪಿನ ಕೊಳವೆ ಒಳಗೆ ನುಣುಪು, ಅದಕ್ಕೆ ಉರುಟು ಗುಂಡು. ಗುಂಡಿಗೂ ಕೊಳವೆಗೂ ನಡುವೆ ಸಂದಿರುವುದರಿಂದ ಮದ್ದಿನ ಅನಿಲ ಸೋರಿ ಬಲ ಕುಂದುತ್ತದೆ, ಗುಂಡು ಗೋಡೆಗೆ ತಾಗುತ್ತ ಹೊರಬಂದು ಯಾವ ಕಡೆಗೋ ಹೊರಳುತ್ತದೆ. ಆರ್ಮ್‌ಸ್ಟ್ರಾಂಗ್ ತೋಪಿನ ಕೊಳವೆಯೊಳಗೆ ಸುರುಳಿ ಗೀರುಗಳು. ಸೀಸದ ಹೊದಿಕೆಯ ಉದ್ದನೆಯ ಗುಂಡನ್ನು ಹಿಂದಿನಿಂದ ತುಂಬುತ್ತಾರೆ. ಮದ್ದು ಸಿಡಿದಾಗ ಮೆತ್ತನೆಯ ಸೀಸ ಗೀರುಗಳೊಳಗೆ ಒತ್ತಿಕೊಂಡು ಗುಂಡು ಗಿರ್ರನೆ ತಿರುಗುತ್ತ ಹೊರಬರುತ್ತದೆ. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವಾದ್ದರಿಂದ ಗುರಿ ನೇರ, ದೂರವೂ ಹೆಚ್ಚು.

ಆದರೂ ಕೋಟೆ ಗುಂಡಿಗೆ ಕುಸಿದು ಬೀಳಲಿಲ್ಲ. ಒಳಗಿನ ಮದ್ದಿನ ಮನೆ ಸಿಡಿದು ನೆಲ ನಡುಗಿದ ಮೇಲೂ ಚೀನೀ ಗೋಲಂದಾಜರು ಹೊಗೆಯೊಳಗಿಂದ ಮತ್ತೆ ಗುಂಡು ಹಾರಿಸಿದರು. ಕೊನೆಗೆ ಗೋಡೆ ಹತ್ತಿಯೇ ಗೆಲ್ಲಬೇಕಾಯಿತು. ನೀರು ತುಂಬಿದ ಕಂದಕಗಳು, ಅವುಗಳ ನಡುವೆ ಚೂಪು ಮಾಡಿ ಒತ್ತಾಗಿ ನೆಟ್ಟ ಬಿದಿರಿನ ಮುಳ್ಳುಗಳು, ಅದರಾಚೆ ಗೋಡೆ. ಫ್ರೆಂಚರ ಏಣಿ ಹೊತ್ತು ಬಂದವರು ದಕ್ಷಿಣ ಚೀನಾದ ಕ್ಯಾಂಟನ್‌ನಿಂದ ಕೂಲಿಗೆ ತಂದ ಚೀನೀಯರು. ಅವರು ಕಂದಕದ ನೀರಿಗಿಳಿದು ಏಣಿಗಳನ್ನು ಹೆಗಲ ಮೇಲೆ ಹಿಡಿದು ನಿಂತರು, ಸೈನಿಕರು ಅವುಗಳ ಮೇಲೆ ಹಾದುಹೋದರು. ಒಂದು ಸಾಮ್ರಾಜ್ಯದ ಸ್ಥಿತಿಯ ಬಗ್ಗೆ ಇಡೀ ಗ್ರಂಥ ಹೇಳಲಾರದ್ದನ್ನು ಈ ದೃಶ್ಯ ಹೇಳುತ್ತದೆ.

ಆ ಒಂದು ಬೆಳಗಿಗೆ ಏಳು ವಿಕ್ಟೋರಿಯಾ ಕ್ರಾಸ್ ಪದಕಗಳು ಸಂದವು. ಒಂದನ್ನು ಪಡೆದವನು ಆಂಡ್ರ್ಯೂ ಫಿಟ್ಜ್‌ಗಿಬ್ಬನ್, ಭಾರತದಲ್ಲಿ ಹುಟ್ಟಿದ ಹದಿನೈದರ ಹುಡುಗ, ಇಂಡಿಯನ್ ಮೆಡಿಕಲ್ ಎಸ್ಟಾಬ್ಲಿಷ್‌ಮೆಂಟ್‌ನ ಆಸ್ಪತ್ರೆ ಅಪ್ರೆಂಟಿಸ್. ಗುಂಡಿನ ಸುರಿಮಳೆಯಲ್ಲಿ ಬಯಲು ದಾಟಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಲೇ ತಾನೂ ಗಾಯಗೊಂಡ.

ಕೋಟೆ ಬಿದ್ದ ಹೊತ್ತಿಗೆ ಒಳಗೆ ಬಂದವರಲ್ಲಿ ಫೆಲಿಚೆ ಬೆಯಾಟೊ ಎಂಬ ಛಾಯಾಗ್ರಾಹಕನೂ ಇದ್ದ. ಭಾರತದಲ್ಲಿ 1857ರ ದಂಗೆಯ ನಂತರದ ಲಖನೌವನ್ನು ಚಿತ್ರೀಕರಿಸಿ ಬಂದವನು. ಹೆಣಗಳನ್ನು ಸಾಗಿಸುವ ಮೊದಲೇ ಅವನು ಷಿತೌಫೆಂಗ್ ಕೋಟೆಯ ಒಳಭಾಗದ ಚಿತ್ರ ತೆಗೆದ. ಆಗಿನ ಕ್ಯಾಮೆರಾ ಅಲುಗಾಡುವುದನ್ನು ಹಿಡಿಯಲಾರದು, ಹಾಗಾಗಿ ಅವನ ಚಿತ್ರಗಳಲ್ಲಿ ಯುದ್ಧವಿಲ್ಲ, ಯುದ್ಧ ಮುಗಿದ ಜಾಗವಿದೆ. ಯುದ್ಧದಲ್ಲಿ ಸತ್ತವರನ್ನು ತೋರಿಸಿದ ಮೊದಮೊದಲ ಫೋಟೋಗಳಲ್ಲಿ ಇವೂ ಸೇರುತ್ತವೆ. ನೋಡಲು ಹಿಂಸೆಯಾಗುತ್ತದೆ. ಆದರೆ ಇವತ್ತು ಆ ಕೋಟೆಯ ಕಟ್ಟಡ ಹೇಗಿತ್ತು, ತೋಪಿನ ಕಟ್ಟೆ ಎಷ್ಟು ಎತ್ತರ, ಬಿದಿರಿನ ಮುಳ್ಳುಬೇಲಿ ಎಲ್ಲಿತ್ತು ಎಂದು ತಿಳಿಯಬೇಕಾದರೆ ಇವುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಷಿತೌಫೆಂಗ್ ಬಿದ್ದ ಮೇಲೆ ಉಳಿದವು ಹೆಚ್ಚು ಕಾದಾಡದೆ ಅದೇ ದಿನ ಶರಣಾದವು. ಸಮುದ್ರಕ್ಕೆ ಮುಖ ಮಾಡಿದ್ದ ದೊಡ್ಡ ತೋಪುಗಳಲ್ಲಿ ಹಲವಕ್ಕೆ ಕೆಲಸವೇ ಸಿಗಲಿಲ್ಲ. ಅದೇ ಸೈನ್ಯ ಮುಂದೆ ರಾಜಧಾನಿಗೆ ನುಗ್ಗಿತು, ಅಕ್ಟೋಬರಿನಲ್ಲಿ ಬೀಜಿಂಗ್‌ನ ಬೇಸಿಗೆ ಅರಮನೆ ಸುಟ್ಟು ಬೂದಿಯಾಯಿತು.

ಇದರ ನಂತರದ ನಲವತ್ತು ವರ್ಷ ದಾಗು ಕಂಡ ತಾಂತ್ರಿಕ ಬದಲಾವಣೆ ಹಿಂದಿನ ಮೂರು ಶತಮಾನದಲ್ಲಿ ಕಂಡಿರಲಿಲ್ಲ. 1870ರಲ್ಲಿ ಈ ಪ್ರಾಂತದ ವೈಸ್‌ರಾಯ್ ಆಗಿ ಬಂದ ಲೀ ಹೋಂಗ್‌ಜಾಂಗ್ ಕೋಟೆಗಳನ್ನು ಮತ್ತೆ ಕಟ್ಟಿಸಿದ, ಜರ್ಮನಿಯ ಕ್ರುಪ್ ಕಾರ್ಖಾನೆಯ ಉಕ್ಕಿನ ತೋಪುಗಳನ್ನು ತರಿಸಿದ. 1879ರಲ್ಲಿ ತಿಯಾನ್‌ಜಿನ್‌ನಿಂದ ಈ ಕೋಟೆಗಳಿಗೆ ತಂತಿ ಎಳೆಸಿದ. ಚೀನಾದ ಮುಖ್ಯಭೂಮಿಯಲ್ಲಿ ಚೀನೀಯರೇ ಹಾಕಿ ನಡೆಸಿದ ಮೊದಲ ಟೆಲಿಗ್ರಾಫ್ ಮಾರ್ಗ ಅದು. ಮರುವರ್ಷ ದಾಗುವಿನಲ್ಲೇ ಹಡಗು ದುರಸ್ತಿಯ ಕಟ್ಟೆ ಆರಂಭವಾಯಿತು. 1888ರಲ್ಲಿ ಅಳಿವೆಯ ಬಳಿಯ ತಾಂಗ್ಗುವಿನಿಂದ ತಿಯಾನ್‌ಜಿನ್‌ಗೆ ರೈಲು ಓಡಿತು. ಕೋಟೆ ಕಾಯುವ ನೆಪದಲ್ಲಿ ಒಂದು ಕೈಗಾರಿಕಾ ಪ್ರದೇಶವೇ ಹುಟ್ಟಿಕೊಂಡಿತು ಎನ್ನಬೇಕು.

ಕೋಟೆಯ ಹಳೆಯ ದೌರ್ಬಲ್ಯಕ್ಕೆ ಮಾತ್ರ ಮದ್ದು ಸಿಗಲಿಲ್ಲ. ಒಪ್ಪಂದಗಳ ಬಲದಿಂದ ವಿದೇಶಿ ಹಡಗುಗಳು ಈಗ ಕೋಟೆ ದಾಟಿ ನದಿಯೊಳಗೆ ಬಂದು ಲಂಗರು ಹಾಕುತ್ತಿದ್ದವು. 1900ರಲ್ಲಿ ಬಾಕ್ಸರ್ ದಂಗೆ ಭುಗಿಲೆದ್ದು ಬೀಜಿಂಗ್‌ನ ವಿದೇಶಿಯರು ಅಪಾಯಕ್ಕೆ ಸಿಕ್ಕಾಗ ಹೊರಗಿನ ದೊಡ್ಡ ಯುದ್ಧನೌಕೆಗಳು ಎಂದಿನಂತೆ ದೂರದಲ್ಲೇ ನಿಂತವು. ಆದರೆ ಬ್ರಿಟನ್ನಿನ 'ಆಲ್ಜರೀನ್', ಜರ್ಮನಿಯ 'ಇಲ್ಟಿಸ್', ಫ್ರಾನ್ಸಿನ 'ಲಿಯೋಂ', ರಷ್ಯದ ಮೂರು ಗನ್‌ಬೋಟುಗಳು ಕೋಟೆಯ ಬೆನ್ನಿನ ಕಡೆ, ನದಿಯಲ್ಲೇ ಇದ್ದವು. ಜೂನ್ 17ರ ನಸುಕಿನ ಎರಡು ಗಂಟೆಯೊಳಗೆ ಕೋಟೆ ಒಪ್ಪಿಸಬೇಕೆಂದು ದಳವಾಯಿ ಲುವೋ ರೋಂಗ್‌ಗುವಾಂಗ್‌ಗೆ ಗಡುವು ಹೋಯಿತು. ಗಡುವು ಮುಗಿಯಲು ಒಂದು ತಾಸು ಇರುವಾಗಲೇ ಕೋಟೆ ಬೆಳದಿಂಗಳಲ್ಲಿ ಗುಂಡು ಹಾರಿಸಲು ಶುರುಮಾಡಿತು.

ಕ್ರುಪ್ ತೋಪುಗಳು ಹಿಂದಕ್ಕೂ ತಿರುಗಬಲ್ಲವಾಗಿದ್ದವು. ರಷ್ಯದ ಹಡಗುಗಳಿಗೆ ಬಲವಾದ ಏಟು ಬಿತ್ತು, ಇಲ್ಟಿಸ್‌ನ ಕ್ಯಾಪ್ಟನ್ ಲಾನ್ಸ್ ತೀವ್ರವಾಗಿ ಗಾಯಗೊಂಡ. ಇದೇ ಗದ್ದಲದಲ್ಲಿ ಎರಡು ಬ್ರಿಟಿಷ್ ಡೆಸ್ಟ್ರಾಯರ್‌ಗಳು ಹಡಗುಕಟ್ಟೆಗೆ ನುಗ್ಗಿ, ಜರ್ಮನಿಯಲ್ಲಿ ಕಟ್ಟಿಸಿ ತಂದಿದ್ದ ನಾಲ್ಕು ಚೀನೀ ಡೆಸ್ಟ್ರಾಯರ್‌ಗಳನ್ನು ವಶಪಡಿಸಿಕೊಂಡವು. ಬೆಳಕು ಹರಿಯುವಾಗ ನೆಲದ ಕಡೆಯಿಂದ ಬಂದ ಪಡೆ ಉತ್ತರ ದಡದ ಒಳಗಿನ ಕೋಟೆಯನ್ನು ಮೊದಲು ಹಿಡಿಯಿತು, ಅಲ್ಲಿಂದ ಉಳಿದವು. ಮದ್ದಿನ ಮನೆ ಸಿಡಿದದ್ದೂ ಸೇರಿ ಎಲ್ಲವೂ 1860ರ ಪಡಿಯಚ್ಚು. ಬೆಳಗ್ಗೆ ಏಳರ ಒಳಗೆ ಮುಗಿಯಿತು. ನಾಲ್ಕು ದಿನಗಳ ನಂತರ ಚಿಂಗ್ ಆ ಎಲ್ಲ ದೇಶಗಳ ಮೇಲೆ ಯುದ್ಧ ಸಾರಿತು. ಆ ಹುಚ್ಚು ಧೈರ್ಯಕ್ಕೆ ದಾಗುವಿನ ಮೇಲಿನ ದಾಳಿ ಒಂದು ಮುಖ್ಯ ಕಾರಣ.

1901ರ ಸೆಪ್ಟೆಂಬರ್ 7ರ ಬಾಕ್ಸರ್ ಒಪ್ಪಂದದ ಎಂಟನೆಯ ಕಲಮು ದಾಗು ಕೋಟೆಗಳನ್ನು ನೆಲಸಮ ಮಾಡಬೇಕೆಂದು ಹೇಳಿತು. ಗೆದ್ದವರು ಕೋಟೆಯ ಒಂದು ಗಂಟೆಯನ್ನೂ ಹೊತ್ತೊಯ್ದರು. 'ಒರ್ಲಾಂಡೊ' ಹಡಗಿನಲ್ಲಿ ಇಂಗ್ಲೆಂಡಿಗೆ ಹೋದ ಆ ಕಬ್ಬಿಣದ ಗಂಟೆ ಪೋರ್ಟ್ಸ್‌ಮತ್ ನಗರದ ವಿಕ್ಟೋರಿಯಾ ಪಾರ್ಕಿನ ಸ್ಮಾರಕದಲ್ಲಿ ತೂಗಿತು. 2005ರಲ್ಲಿ ಅದು ತಿಯಾನ್‌ಜಿನ್‌ಗೆ ಮರಳಿತು, ಪೋರ್ಟ್ಸ್‌ಮತ್‌ಗೆ ಪ್ರತಿಕೃತಿ ಹೋಯಿತು. ಕೋಟೆಯಲ್ಲಿ ಉಳಿದಿರುವುದು ಸುಣ್ಣಮಣ್ಣಿನ ಕೆಲವು ಗುಡ್ಡೆಗಳು. 1988ರಲ್ಲಿ ಅವು ರಾಷ್ಟ್ರೀಯ ರಕ್ಷಿತ ಸ್ಮಾರಕವಾದವು, ಈಗ ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದೆ.

ಅಲ್ಲಿ ನಿಂತವರಿಗೆ ಈ ಕೋಟೆ ಯಾವ ಕೆಸರನ್ನು ನೆಚ್ಚಿಕೊಂಡಿತ್ತು ಎಂಬುದು ಊಹೆಗೂ ಸಿಗುವುದಿಲ್ಲ. 1958ರಲ್ಲಿ ಹಾಯ್ ನದಿಯ ಬಾಯಿಗೆ ಉಬ್ಬರ ತಡೆಯುವ ಬಾಗಿಲುಗಳ ಕಟ್ಟೆ ಹಾಕಿದರು. ಉಪ್ಪುನೀರು ಒಳಬರುವುದು ನಿಂತಿತು, ತಿಯಾನ್‌ಜಿನ್‌ಗೆ ಸಿಹಿನೀರು ಉಳಿಯಿತು. ಆದರೆ ನದಿಯ ಹರಿವೂ ಕುಗ್ಗಿ, ಉಬ್ಬರ ತಂದ ಹೂಳನ್ನು ವಾಪಸು ತಳ್ಳುವ ಬಲವಿಲ್ಲದೆ ಕಟ್ಟೆಯ ಹೊರಗೆ ಹೂಳು ತುಂಬತೊಡಗಿತು. ಅಂತರ್ಜಲ ಎತ್ತಿ ಎತ್ತಿ ಈ ಭಾಗದ ನೆಲ ಕೆಲವೆಡೆ ಸುಮಾರು 3 ಮೀಟರ್ ಕುಸಿದಿದೆ. ಬಂದರು, ಕಾರ್ಖಾನೆ, ವಸತಿಗೆಂದು ಕೆಸರಿನ ಬಯಲಿನ ಬಹುಭಾಗಕ್ಕೆ ಮಣ್ಣು ತುಂಬಿ ನೆಲ ಮಾಡಿದ್ದಾರೆ.

ಬೋಹಾಯ್‌ನ ಕೆಸರು ಪೂರ್ತಿ ಅಳಿದಿಲ್ಲ. ತಿಯಾನ್‌ಜಿನ್‌ನ ಪೂರ್ವಕ್ಕೆ, ಹೆಬೇಯ್ ಪ್ರಾಂತದ ನಾನ್‌ಪು ಕರಾವಳಿಯಲ್ಲಿ ಉಪ್ಪಿನ ಗದ್ದೆಗಳ ಮುಂದೆ ಇನ್ನೂ ಉಳಿದಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಸೈಬೀರಿಯಾಕ್ಕೆ ಹಾರುವ ರೆಡ್ ನಾಟ್ ಎಂಬ ಕಡಲತೀರದ ಹಕ್ಕಿಗಳು ಪ್ರತಿ ವಸಂತದಲ್ಲಿ ಸಾವಿರಗಟ್ಟಲೆ ಅಲ್ಲಿ ಇಳಿಯುತ್ತವೆ. ಕೆಸರಿನಲ್ಲಿ ಹುದುಗಿರುವ ಪುಟ್ಟ ಕಪ್ಪೆಚಿಪ್ಪಿನ ಜೀವಿಗಳನ್ನು ಇಡಿಯಾಗಿ ನುಂಗಿ, ಮುಂದಿನ ಸಾವಿರಾರು ಕಿಲೋಮೀಟರಿಗೆ ಬೇಕಾದ ಕೊಬ್ಬು ಕೂಡಿಸಿಕೊಳ್ಳುತ್ತವೆ. ಸುತ್ತಲಿನ ಬಯಲುಗಳು ಒಂದೊಂದಾಗಿ ನೆಲವಾದಂತೆ ಉಳಿದಷ್ಟು ಜಾಗದಲ್ಲೇ ಹಕ್ಕಿಗಳ ಸಂದಣಿ ಏರುತ್ತ ಹೋಯಿತು ಎಂದು ಅವುಗಳನ್ನು ವರ್ಷಾನುಗಟ್ಟಲೆ ಎಣಿಸಿದ ಪಕ್ಷಿವಿಜ್ಞಾನಿಗಳು ತೋರಿಸಿದ್ದಾರೆ. ವಾಣಿಜ್ಯ ಉದ್ದೇಶಕ್ಕೆ ಸಮುದ್ರ ತುಂಬುವುದನ್ನು ಚೀನಾ 2018ರಲ್ಲಿ ನಿಲ್ಲಿಸಿತು. ಹಳದಿ ಸಮುದ್ರ ಮತ್ತು ಬೋಹಾಯ್‌ನ ವಲಸೆಹಕ್ಕಿಗಳ ತಾಣಗಳು 2019ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರತೊಡಗಿದವು. 2024ರಲ್ಲಿ ಪಟ್ಟಿ ಬೆಳೆದಾಗ ಬೋಹಾಯ್ ಕೊಲ್ಲಿಯ ಇದೇ ಪಶ್ಚಿಮ ಅಂಚಿನ ನಾನ್‌ದಾಗಾಂಗ್ ಜೌಗುನೆಲವನ್ನೂ ಅದಕ್ಕೆ ಸೇರಿಸಿದರು.